ಮುನವಳ್ಳಿಯ ಇಪ್ಪತ್ತೆರಡು ಹೆಸರು

ಸವದತ್ತಿ, ೮ ಜುಲೈ ೧೯೭೪, ಸೋಮವಾರ

ಹೊಸ ಯಾದಿ ಬರೆದು ಮುಗಿಸಿದೆ. ನನ್ನ ಅಕ್ಷರ ನೋಡಿ ಡಾಕ್ಟರಬಾಯಿಯವರು ‘ಅಚ್ಚು ಹಾಕಿಸಿದ್ಹಂಗ ಐತಿ ಮಡಿವಾಳೆಪ್ಪನವರ’ ಅಂದರು. ಹದಿಮೂರು ವರ್ಷದಲ್ಲಿ ಅವರ ಬಾಯಿಂದ ಬಂದ ಎರಡನೇ ಹೊಗಳಿಕೆ ಇದು. ಮೊದಲನೆಯದು ಯಾವುದಕ್ಕೆ ಬಂದಿತ್ತೋ ನೆನಪಿಲ್ಲ.

ನಮ್ಮಂಥ ಇಪ್ಪತ್ತು ಕಾಟಿನ ಟ್ರಸ್ಟ್ ದವಾಖಾನೆಗೆ ರಕ್ತದ ಬ್ಯಾಂಕು ಎಲ್ಲಿಂದ ಬರಬೇಕು? ಹುಬ್ಬಳ್ಳಿಗೆ ಹೋಗಿ ತರುವಷ್ಟರಲ್ಲಿ ರೋಗಿಯ ಹಣೆಬರಹ ತೀರ್ಮಾನವಾಗಿರುತ್ತದೆ. ಅದಕ್ಕೇ ಈ ಯಾದಿ. ಯಾರು, ಯಾವ ಓಣಿ, ಯಾವ ಗುಂಪಿನ ರಕ್ತ, ಕಡೆಯ ಸಲ ಕೊಟ್ಟದ್ದು ಯಾವಾಗ, ಎಲ್ಲ ಇದರಲ್ಲಿದೆ. ಬೇಕಾದಾಗ ದವಾಖಾನೆಯ ಸಿಪಾಯಿ ಸೈಕಲ್ ತುಳಿದು ಹೋಗಿ ಕರೆತರುತ್ತಾನೆ. ಒಟ್ಟು ಮೂವತ್ತೊಂದು ಹೆಸರು. ಅದರಲ್ಲಿ ಇಪ್ಪತ್ತೆರಡು ಮುನವಳ್ಳಿಯ ಒಂದೇ ಓಣಿಯವು. ಪರಪ್ಪ ತನ್ನದನ್ನೂ ಸೇರಿಸಿ ಮನೆಗೊಂದರಂತೆ ಹಿಡಿದು ತಂದ ಹೆಸರುಗಳು. ಇವನು ನವಿಲುತೀರ್ಥದ ಡ್ಯಾಮಿನಲ್ಲಿ ಗೇಟಿಗೆ ಗ್ರೀಸ್ ಹಚ್ಚುವವನು. ತಾಯಿ ರಕ್ತ ಸಿಗದೆ ಸತ್ತಳಂತೆ. ಅಂದಿನಿಂದ ಮೂರು ತಿಂಗಳಿಗೊಮ್ಮೆ ತಾನೇ ಬಂದು ತೋಳು ಚಾಚುತ್ತಾನೆ. ‘ಬಾವ್ಯಾಗಿನ ನೀರಿದ್ಹಂಗ ಐತಿ, ಸೇದಿದಷ್ಟೂ ಊರತೈತಿ’ ಎಂದು ಓಣಿಯವರಿಗೆಲ್ಲ ಉಪದೇಶ ಬೇರೆ.

ನನ್ನ ಹೆಸರು ಯಾದಿಯಲ್ಲಿಲ್ಲ. ನನ್ನದು ಓ ಗುಂಪು, ಯಾರಿಗೆ ಬೇಕಾದರೂ ನಡೆಯುವ ರಕ್ತ. ಆದರೆ ರಕ್ತ ತೆಗೆದು ತಪಾಸಣೆ ಮಾಡುವವನು ಇಲ್ಲಿ ನಾನೊಬ್ಬನೇ, ನಾನೇ ಮಲಗಿಬಿಟ್ಟರೆ ತೆಗೆಯುವವರು ಯಾರು? ‘ಪುರಾಣ ಹೇಳಾಕ, ಬದನಿಕಾಯಿ ತಿನ್ನಾಕ’ ಎಂದು ಸಿಸ್ಟರ್ ತಾಯವ್ವ ನಕ್ಕಳು. ನಗಲಿ. ಅವಳಿಗೇನು ಗೊತ್ತು ನನ್ನ ಜವಾಬ್ದಾರಿ.

ಮಧ್ಯಾಹ್ನ ಹೆಂಗಸರ ವಾರ್ಡಿನಲ್ಲಿ ತಲೆ ಕೆಟ್ಟುಹೋಯಿತು. ಚೀಟಿಯಲ್ಲಿ ‘ಯಲ್ಲವ್ವ, ಗಂಡ ನೀಲಪ್ಪ, ಸುರೇಬಾನ’ ಎಂದಿತ್ತು. ಗರ್ಭ ಹೋಗಿ ರಕ್ತ ಸುರಿದುಹೋದವಳು. ನಾಳೆ ರಕ್ತ ಏರಿಸಬೇಕು, ಗುಂಪು ನೋಡಿ ಎಂದು ಅಪ್ಪಣೆ. ಎಲ್ಲಮ್ಮನ ಗುಡ್ಡದ ಬುಡದಲ್ಲಿ ನಿಂತು ಯಲ್ಲವ್ವ ಎಂದು ಕೂಗಿದರೆ ಅರ್ಧ ವಾರ್ಡು ತಿರುಗಿ ನೋಡುತ್ತದೆ. ಇವತ್ತು ಇಬ್ಬರಿದ್ದರು, ಅಕ್ಕಪಕ್ಕದ ಕಾಟಿನಲ್ಲಿ. ಒಂದು ಮುಸುಕೆಳೆದು ಮಲಗಿತ್ತು. ಎದ್ದು ಕೂತಿದ್ದವಳನ್ನು ಕೇಳಿದೆ: ‘ಯಲ್ಲವ್ವ ನೀನ ಏನು? ಗಂಡನ ಹೆಸರು ನೀಲಪ್ಪ, ಹೌದಿಲ್ಲೋ?’

ಗಂಡನ ಹೆಸರು ಅಂದದ್ದೇ ತಡ, ಸೆರಗು ಬಾಯಿಗೆ ಹೋಯಿತು. ಹೌದೂ ಅನ್ನಲೊಲ್ಲಳು, ಅಲ್ಲ ಅಂತಲೂ ಅನ್ನಲೊಲ್ಲಳು. ನಮ್ಮ ಮನೆಯವಳೂ ಇದೇ ಜಾತಿ. ಹದಿನಾಲ್ಕು ವರ್ಷ ಸಂಸಾರ ಮಾಡಿಯೂ ನನ್ನ ಹೆಸರು ಬಾಯಲ್ಲಿ ತಂದಿಲ್ಲ, ತಂದರೆ ಗಂಡನ ಆಯುಷ್ಯ ಕಡಿಮೆಯಾಗುತ್ತದಂತೆ. ಎರಡು ಕಾಟುಗಳ ನಡುವೆ ನೆಲದ ಮೇಲೆ ಕೂತಿದ್ದ ಮುದುಕಿಯೊಂದು ‘ಹೂಂನ್ರಿ ಯಪ್ಪಾ, ನೀಲಪ್ಪನ. ನನ್ನ ಮಗಾರಿ’ ಎಂದು ಗೋಣು ಹಾಕಿತು. ಪುಣ್ಯಾತ್ಗಿತ್ತಿ, ಅವಳಾದರೂ ಬಾಯಿಬಿಟ್ಟಳು! ರಕ್ತ ತೆಗೆದೆ, ಶೀಸೆಗೆ ಹೆಸರು ಅಂಟಿಸಿದೆ. ಬಿ ಗುಂಪು. ಪರಪ್ಪನದೂ ಬಿ. ಸಿಪಾಯಿಯನ್ನು ಡ್ಯಾಮಿಗೆ ಅಟ್ಟಿದೆ.

೯ ಜುಲೈ

ಇವತ್ತು ಅಕ್ಷರ ಕಾಗೆ ಕಾಲಿನಂತಾಗಿದೆ.

ಬೆಳಿಗ್ಗೆ ಪರಪ್ಪ ಬಂದು ರಕ್ತ ಕೊಟ್ಟು, ಚಹಾ ಕುಡಿದು, ‘ಹೆಣ್ಮಗಳು ಆರಾಮಾದ ಮ್ಯಾಲ ಹೇಳಿಕಳಸ್ರಿ’ ಎಂದು ಹೋದ. ಅವನ ರಕ್ತ, ನನ್ನ ಶೀಸೆಯಲ್ಲಿದ್ದ ರಕ್ತ, ಎರಡನ್ನೂ ಗಾಜಿನ ಮೇಲೆ ಕೂಡಿಸಿ ನೋಡಿದೆ. ಗಂಟು ಕಟ್ಟಲಿಲ್ಲ, ಹಾಲಿಗೆ ಹಾಲು ಬೆರೆತಂತೆ ಬೆರೆಯಿತು. ಹನ್ನೊಂದಕ್ಕೆ ಏರಿಸಲು ಶುರು ಮಾಡಿದರು. ಕಾಲು ಬಾಟಲಿ ಹೋಗಿರಲಿಲ್ಲ, ಯಲ್ಲವ್ವ ಥಂಡಿ ಹತ್ತಿ ಕಾಟು ಅಲುಗುವ ಹಾಗೆ ನಡುಗಿದಳು. ‘ಯವ್ವಾ, ನಡಾ ಮುರೀತೈತಿ’ ಎಂದು ಚೀರಿದಳು. ತಾಯವ್ವ ಓಡಿಬಂದು ಸೂಜಿ ಕಿತ್ತಳು.

ವರಾಂಡದಲ್ಲಿ ಜನ ನೆರೆದಿದ್ದಾಗಲೇ ಡಾಕ್ಟರಬಾಯಿಯವರು ಕೇಳಿದರು: ‘ಗುಂಪು ಸರಿಯಾಗಿ ನೋಡಿದ್ರೇನು?’

‘ನೋಡೇನ್ರಿ ಬಾಯಾರ. ಎರಡ ಸಲ ನೋಡೇನಿ.’

‘ಹಂಗಾರ ಕೊಟ್ಟಾಂವನ ರಗತದಾಗ ಏನೋ ದೋಷ ಐತಿ. ಆಂವನ ಹೆಸರು ಯಾದಿಯಿಂದ ತಗದ ಬಿಡ್ರಿ.’

ನಾಲ್ಕು ಗಂಟೆಗೆ ವಾರ್ಡಿಗೆ ಹೋದೆ. ನಡುಗುತ್ತ ಮಲಗಿದ್ದವಳ ಮುಖವನ್ನು ನಾನು ಹಿಂದೆ ನೋಡಿರಲೇ ಇಲ್ಲ. ನಾನು ನಿನ್ನೆ ಸೂಜಿ ಚುಚ್ಚಿದವಳು ಪಕ್ಕದ ಕಾಟಿನಲ್ಲಿ ಕೂತು ರೊಟ್ಟಿ ಮುರಿಯುತ್ತಿದ್ದಳು. ನನ್ನನ್ನು ಕಂಡು ಮತ್ತೆ ಸೆರಗು ಬಾಯಿಗೆ ತಂದಳು. ಮುದುಕಿ ಕಾಡವ್ವ ನೀಲಪ್ಪನ ತಾಯಿ ಹೌದು. ಆದರೆ ಮುಸುಕೆಳೆದು ಮಲಗಿದ್ದವಳು ಅವಳ ಸೊಸೆ. ಮುದುಕಿ ತನ್ನ ಸೊಸೆಯ ಪರವಾಗಿ ಉತ್ತರ ಕೊಟ್ಟಿದ್ದಳು, ನಾನು ಇನ್ನೊಬ್ಬಳಿಗೆ ಚುಚ್ಚಿದ್ದೆ.

ಏನೋ ನೆಪ ಹೇಳಿ ಕಾಯಿಲೆಯವಳ ಬೆರಳಿಂದ ಒಂದು ಹನಿ ತೆಗೆದು ನೋಡಿದೆ. ಓ ಗುಂಪು. ಮೂರು ಸಲ ನೋಡಿದೆ. ಓ. ಅವಳ ಮೈಗೆ ಬಿ ಏರಿಸಿದ್ದೇವೆ.

ಬಾಯಾರು ಆಪರೇಷನ್ನಿನಲ್ಲಿದ್ದರು. ನಾಳೆ ಹೇಳಿದರಾಯಿತು. ಪರಪ್ಪನ ಹೆಸರಿನ ಮೇಲೆ ಅಡಿಪಟ್ಟಿ ಇಟ್ಟು ನೇರವಾಗಿ ಗೆರೆ ಎಳೆದೆ.

೧೦ ಜುಲೈ

ಹೇಳಲಿಲ್ಲ. ಯಲ್ಲವ್ವನ ಮೂತ್ರದ ಶೀಸೆ ತಪಾಸಣೆಗೆ ಬಂತು. ಹುಣಸೆ ರಸದ ಬಣ್ಣ, ಇಡೀ ದಿನಕ್ಕೆ ನಾಲ್ಕು ಚಮಚೆ. ಮೂತ್ರಪಿಂಡ ಕಟ್ಟಿಕೊಂಡರೆ ಮುಗಿಯಿತು.

೧೧ ಜುಲೈ

ಎರಡು ಚಮಚೆ. ಅನ್ನ ಸೇರಲಿಲ್ಲ. ಮನೆಯವಳು ಏನಾಯಿತೆಂದು ಕೇಳಿದ್ದಕ್ಕೆ ರೇಗಿದೆ. ಆಮೇಲೆ ರೇಗಿದ್ದಕ್ಕೆ ಇನ್ನೊಮ್ಮೆ ರೇಗಿದೆ.

೧೨ ಜುಲೈ

ಪರಪ್ಪ ಗೇಟಿನ ಹೊರಗೆ ನಿಂತಿದ್ದ, ಒಳಗೆ ಬರಲಿಲ್ಲ. ಹೇಗಿದ್ದಾಳೆ ಎಂದು ಸಿಪಾಯಿಯನ್ನು ಕೇಳಿಕೊಂಡು ಹೋದನಂತೆ. ನಾನು ಹಿಂದಿನ ಬಾಗಿಲಿನಿಂದ ಮನೆಗೆ ಬಂದೆ.

೧೫ ಜುಲೈ

ಬಿಟ್ಟಳು! ಬೆಳಿಗ್ಗೆ ಒಂದು ಶೀಸೆ ತುಂಬ, ತಿಳಿಯಾದ ಮೂತ್ರ. ಬೆಳಕಿಗೆ ಹಿಡಿದು ನೋಡುತ್ತ ನಿಂತವನು ಅತ್ತುಬಿಟ್ಟೆ, ಯಾರೂ ನೋಡಲಿಲ್ಲ. ಯಲ್ಲವ್ವ ಅಂಬಲಿ ಕುಡಿದಳಂತೆ. ಗಣಪತಿ ಗುಡಿಗೆ ಹೋಗಿ ಕಾಯಿ ಒಡೆಸಿದೆ.

ಬದುಕಿದ ಮೇಲೆ ಹೇಳುವುದೇನು ಉಳಿಯಿತು? ಬೂದಿ ಕೆದಕಿ ಕೆಂಡ ಹುಡುಕುವುದು ಯಾವ ಜಾಣತನ? ಪರಪ್ಪನಿಗಾದರೂ ನಷ್ಟವೇನು? ಮೈಯ ರಕ್ತ ಮೈಯಲ್ಲೇ ಉಳಿಯಿತು.

೨ ಆಗಸ್ಟ್

ಮನೆಯವಳು ನಳದ ಹತ್ತಿರದಿಂದ ಸುದ್ದಿ ತಂದಳು. ‘ಮುನವಳ್ಳಿ ಪರಪ್ಪನ ಮೈಯಾಗ ವಿಷ ಐತೆಂತ. ಯಾವ ಓಣಿ ರಗತ ಅಂತ ಕೇಳದ ಏರಸತಾರಂತ, ಖರೇ ಏನ್ರಿ?’ ನನ್ನ ಮುಖ ನೋಡುತ್ತ ಕೊಡ ಇಳಿಸಿದಳು. ನಳದ ಕಟ್ಟೆಯ ಮಾತನ್ನೆಲ್ಲ ಮನೆಗೆ ಹೊತ್ತು ತರಬೇಡ ಎಂದೆ.

ಸಂಜೆ ಪರಪ್ಪ ನೇರ ನನ್ನ ಕೋಣೆಗೇ ಬಂದ. ಕೂರು ಎಂದರೂ ಕೂರಲಿಲ್ಲ, ಮೇಜು ಕುರ್ಚಿ ಯಾವುದನ್ನೂ ಮುಟ್ಟಲಿಲ್ಲ. ಗಡ್ಡ ಬಂದಿತ್ತು.

‘ಸಾಹೇಬ್ರ, ನನ್ನ ರಗತದಾಗ ಏನೈತಿ ಒಮ್ಮಿ ನೋಡಿ ಹೇಳ್ರಿ. ಮನಿಯಾಗ ಕೂಸೈತಿ. ಎಂಟ ತಿಂಗಳದ್ದು. ಮುಟ್ಟಿದ್ರ ಹತ್ತತೈತೇನೋ ಅಂತ ನಾ ಡ್ಯಾಮಿನ ಶೆಡ್ಡಿನ್ಯಾಗ ಮಲಗತೇನಿ. ಐತವಾರ ಒಂದ ದಿನ ಹೋಗಿ ಕಟ್ಟಿ ಮ್ಯಾಲ ಕುಂತ ಬರತೇನಿ. ಹೇಂತಿ ಶೆಟ್ಟೆವ್ವ ನಾ ಉಣ್ಣೂ ಗಂಗಾಳ ಬ್ಯಾರೆ ಇಟ್ಟಾಳ.’

‘ಅಂಥಾದ್ದೇನಿಲ್ಲೋ,’ ಎಂದೆ.

‘ಏನಿಲ್ಲದ ಹೆಸರು ಹೊಡೀತೀರೇನ್ರಿ?’

‘ನೋಡೋಣು, ತಪಾಸ ಮಾಡೋಣು,’ ಎಂದೆ. ಶೀಸೆಗೆ ರಕ್ತ ತೆಗೆದುಕೊಂಡೆ. ಅವನು ಹೋದ ಮೇಲೆ ಅದನ್ನು ನೋಡದೆಯೇ ಮೋರಿಗೆ ಸುರಿದೆ. ನೋಡುವುದಕ್ಕೇನಿತ್ತು?

ಛೀ, ನನ್ನ ಜನ್ಮಕ್ಕಿಷ್ಟು.

೨೧ ಆಗಸ್ಟ್

ಕೂತಲ್ಲಿ ಕೂರಲಾಗುತ್ತಿಲ್ಲ. ಎಡತೋಳಿಗೆ ಪಟ್ಟಿ ಇದೆ, ತಲೆ ತಿರುಗುತ್ತಿದೆ, ಆದರೂ ಬರೆಯುತ್ತೇನೆ.

ಬೆಳಿಗ್ಗೆ ಕರೆವ್ವ ಎಂಬ ಬಾಣಂತಿಯನ್ನು ಚಕ್ಕಡಿಯಲ್ಲಿ ತಂದರು. ಮಗು ಹುಟ್ಟಿದೆ, ರಕ್ತ ನಿಲ್ಲುತ್ತಿಲ್ಲ. ಚಕ್ಕಡಿಯ ಹಾಸಿನ ಹುಲ್ಲೆಲ್ಲ ಕೆಂಪಾಗಿತ್ತು. ಬಿ ಗುಂಪು. ಸಿಪಾಯಿಯನ್ನು ಮುನವಳ್ಳಿಗೆ ಓಡಿಸಿದೆವು. ಎರಡು ತಾಸಿಗೆ ಬೆವರು ಸುರಿಸುತ್ತ ಒಬ್ಬನೇ ವಾಪಸು ಬಂದ. ‘ಯಾರೂ ಬರಾಕ ಒಲ್ಲರ್ರಿ. ಪರಪ್ಪನಂಥಾವನ್ನ ವಿಷಾ ಮಾಡಿ ಕಳಿಸಿದ್ರಿ, ನಮ್ಮನ್ನೇನ್ ಮಾಡತೀರಿ ಅಂತಾರ.’ ಯಾದಿಯ ಉಳಿದ ಒಂಬತ್ತರಲ್ಲಿ ಇಬ್ಬರು ಊರಲ್ಲಿಲ್ಲ, ಏಳು ಮಂದಿಯ ಮನೆ ಹೆಂಗಸರು ಬಾಗಿಲಿಗೆ ಅಡ್ಡ ನಿಂತರಂತೆ.

‘ನಂದು ತಗೋರಿ’ ಎಂದು ಮಲಗಿದೆ. ಧೈರ್ಯದಿಂದಲ್ಲ, ನಿಂತಿರಲು ಆಗದೆ. ತಾಯವ್ವ ಈ ಸಲ ನಗಲಿಲ್ಲ. ಒಂದು ಬಾಟಲಿ ಏರಿತು. ಕರೆವ್ವನ ತುಟಿ ಇನ್ನೂ ಬಿಳಿ, ನಾಡಿ ಕೈಗೆ ಸಿಗುತ್ತಿಲ್ಲ. ‘ಇನ್ನೊಂದ ಬೇಕು, ಅರ್ಧ ತಾಸಿನ್ಯಾಗ ಬೇಕು’ ಎಂದರು ಬಾಯಾರು. ಆಗ ಗೇಟಿನಲ್ಲಿ ಪರಪ್ಪ. ಸಿಪಾಯಿ ಡ್ಯಾಮಿನ ಮೇಲೆ ಹಾದುಬರುವಾಗ ಸುದ್ದಿ ತಿಳಿದು, ಕೈಯ ಗ್ರೀಸನ್ನೂ ತೊಳೆಯದೆ ಅವನ ಸೈಕಲ್ಲಿನ ಹಿಂದೆ ಅಷ್ಟು ದೂರ ಓಡಿಬಂದಿದ್ದ. ಅಂಗಿಯ ತೋಳು ಮೇಲೇರಿಸಿಕೊಂಡಿದ್ದ. ‘ಬಾಯಾರ, ಸಾಯಾಕತ್ತಾಕಿಗೆ ಯಾವ ವಿಷಾರಿ? ನಂದ ತಗೋರಿ’ ಅಂದ.

ಬಾಯಾರು ಅವನನ್ನು ನೋಡಿದರು, ನನ್ನನ್ನು ನೋಡಿದರು. ‘ಏನಂತೀರಿ?’

ಹೇಳಿಬಿಟ್ಟೆ. ಅವರನ್ನು ಒಳಗೆ ಕರೆದು ಒಂದೇ ಉಸಿರಿನಲ್ಲಿ ಹೇಳಿದೆ. ‘ಆಂವನ ರಗತ ಚೊಕ್ಕ ಐತ್ರಿ. ಸುರೇಬಾನದ ಯಲ್ಲವ್ವಂದು ಅಂತ ನಾ ಪಕ್ಕದ ಕಾಟಿನಾಕಿ ರಗತ ತಗದಿದ್ದೆ. ತಪ್ಪು ನಂದು.’

ಅವರ ಮುಖ ನಾನು ಸಾಯುವವರೆಗೂ ಮರೆಯುವುದಿಲ್ಲ. ಆದರೆ ಬೈಯಲು ಹೊತ್ತಿರಲಿಲ್ಲ. ‘ಮೊದಲ ತಗೋರಿ,’ ಎಂದಷ್ಟೇ ಅಂದರು. ಪರಪ್ಪ ಕೊಟ್ಟು ಇನ್ನೂ ಮೂರು ತಿಂಗಳಾಗಿಲ್ಲ, ಅರ್ಧ ಬಾಟಲಿ ಸಾಕೆಂದರು. ಸಂಜೆ ಐದಕ್ಕೆ ಕರೆವ್ವ ಕಣ್ಣು ತೆರೆದು ನೀರು ಕೇಳಿದಳು.

೨೨ ಆಗಸ್ಟ್

ಡಾಕ್ಟರಬಾಯಿಯವರು ಕರೆಸಿ ಬಾಗಿಲು ಹಾಕಿದರು. ಕೆಲಸ ಹೋಯಿತು ಅಂದುಕೊಂಡೆ. ಅದಲ್ಲ.

‘ಈ ಮಾತು ಈ ಕ್ವಾಣಿ ದಾಟಬಾರದು. ಚೀಟಿ ಅದಲುಬದಲಾತು ಅಂತ ಹೊರಗ ಗೊತ್ತಾದ್ರ ನಾಳಿಂದ ಒಬ್ಬ ಬಸರಿನೂ ನಮ್ಮ ಮೆಟ್ಟಲಾ ಹತ್ತಂಗಿಲ್ಲ. ಮನ್ಯಾಗ ಬಿದ್ದು ಸಾಯತಾರ. ಪರಪ್ಪಗ ಏನೋ ಸಣ್ಣ ದೋಷ ಇತ್ತು, ಔಷಧಕ್ಕ ಹೋಗತೈತಿ ಅಂತ ಹೇಳೋಣು. ಮೂರ ತಿಂಗಳ ಗುಳಿಗಿ ಕೊಡ್ರಿ. ಮಂದಿನೂ ನಂಬತಾರ, ಆಂವಗೂ ಸಮಾಧಾನ ಆಗತೈತಿ.’

ಅವರ ಮಾತಿನಲ್ಲಿ ಸುಳ್ಳೇನೂ ಇಲ್ಲ, ಬಸುರಿಯರು ಬರುವುದು ನಿಲ್ಲುತ್ತದೆ. ಮೊದಲಿಗೆ ಹತ್ತು ದಿನಕ್ಕಾಗುವಷ್ಟು ಶಕ್ತಿಯ ಗುಳಿಗೆ ಎಣಿಸಿ ಪೊಟ್ಟಣ ಕಟ್ಟಿ ಪರಪ್ಪನ ಕೈಗೆ ಕೊಟ್ಟೆ. ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡ. ‘ದೊಡ್ಡ ಉಪಕಾರ ಆತ್ರಿ ಸಾಹೇಬ್ರ. ಗುಳಿಗಿ ಮುಗಿಯೂತನಕ ಕೂಸಿನ ಮುಟ್ಟಬಾರದಲ್ರಿ?’

ನಾನು ಹೌದು ಎಂದೆನೋ, ಸುಮ್ಮನಿದ್ದೆನೋ, ಈಗ ನೆನಪಾಗುತ್ತಿಲ್ಲ. ಸುಮ್ಮನಿದ್ದೆ.

೫ ಸೆಪ್ಟೆಂಬರ್

ಮನೆಯವಳು ನಾನು ನಿದ್ದೆಯಲ್ಲಿ ಏನೇನೋ ಲೆಕ್ಕ ಹೇಳುತ್ತೇನೆ ಅನ್ನುತ್ತಾಳೆ. ಸಿಗರೇಟು ಮತ್ತೆ ಶುರುವಾಗಿದೆ. ಮುನವಳ್ಳಿಯಿಂದ ಒಂದು ನರಪಿಳ್ಳೆಯೂ ಬರುವುದಿಲ್ಲ. ದೋಷವಿತ್ತು, ಔಷಧ ನಡೆದಿದೆ ಎಂದರೆ ಇನ್ನಷ್ಟು ಹೆದರಿದರು. ಹಾಗಾದರೆ ನಮ್ಮೊಳಗೂ ಇರಬಹುದು ಅನ್ನುತ್ತಾರಂತೆ.

ವಾರ್ಡಿನಲ್ಲಿ ಈಗ ಗಂಡನ ಹೆಸರು ಕೇಳುವುದು ಬಿಟ್ಟಿದ್ದೇನೆ. ‘ನಿನ್ನ ತವರೂರು ಯಾವುದವ್ವ, ಅಪ್ಪನ ಹೆಸರೇನು’ ಎಂದರೆ ಸೆರಗು ಬಾಯಿಗೆ ಹೋಗುವುದಿಲ್ಲ. ತವರು ಅಂದ ಕೂಡಲೇ ಮುಖ ಅರಳಿ, ಅಣ್ಣತಮ್ಮಂದಿರ ಹೆಸರು, ಎತ್ತಿನ ಹೆಸರೂ ಹೇಳುತ್ತಾರೆ. ಒಬ್ಬೊಬ್ಬರಿಗೆ ಕಾಲು ತಾಸು ಹಿಡಿಯುತ್ತದೆ. ಶೀಸೆಯ ಮೇಲೆ ಅಲ್ಲೇ, ಕಾಟಿನ ಪಕ್ಕದಲ್ಲೇ ನಿಂತು ಬರೆಯುತ್ತೇನೆ. ಅಕ್ಷರ ಸೊಟ್ಟಗಾಗುತ್ತದೆ.

ಪರಪ್ಪ ಎರಡನೇ ಪೊಟ್ಟಣಕ್ಕೆ ಇನ್ನೂ ಬಂದಿಲ್ಲ.

೮ ಸೆಪ್ಟೆಂಬರ್, ಭಾನುವಾರ

ಪೊಟ್ಟಣ ಕಿಸೆಯಲ್ಲಿಟ್ಟುಕೊಂಡು ಮುನವಳ್ಳಿ ಬಸ್ಸು ಹತ್ತಿದೆ. ಕೊಟ್ಟು ಬರುವುದು ಎಂದೇ ಹೋದದ್ದು.

ಪರಪ್ಪ ಕಟ್ಟೆಯ ತುದಿಯಲ್ಲಿ ಕೂತು ಉಣ್ಣುತ್ತಿದ್ದ. ಬೇರೆ ಗಂಗಾಳ. ಶೆಟ್ಟೆವ್ವ ಮೇಲಿಂದ ರೊಟ್ಟಿ ಹಾಕಿದಳು, ಕೈ ತಾಗದ ಹಾಗೆ. ಕೂಸು ಹೊಸ್ತಿಲು ದಾಟಿ ಅಂಬೆಗಾಲಿಡುತ್ತ ಕಟ್ಟೆಯ ಕಡೆಗೇ ಬಂತು. ಅವನು ಉಣ್ಣುವುದನ್ನು ಬಿಟ್ಟು ಎರಡೂ ಕಾಲು ಮೇಲೆತ್ತಿಕೊಂಡು ಗೋಡೆಗೆ ಒತ್ತಿ ಕೂತ. ‘ತಗೋ, ಲಗೂನ ತಗೋ ಅದನ್ನ’ ಎಂದು ಹೆಂಡತಿಗೆ ಕೂಗಿದ.

ಪೊಟ್ಟಣ ತೆಗೆಯಲಿಲ್ಲ. ಅಲ್ಲೇ ನಿಂತು ಹೇಳಿದೆ. ಇಬ್ಬರು ಯಲ್ಲವ್ವರು, ಮುದುಕಿ ಹಾಕಿದ ಗೋಣು, ನಾನು ಚುಚ್ಚಿದ್ದು, ತಿಳಿದ ಮೇಲೂ ಬಾಯಿ ಮುಚ್ಚಿಕೊಂಡದ್ದು.

ಪರಪ್ಪ ಗಂಗಾಳ ಕೆಳಗಿಟ್ಟ. ‘ಗುಳಿಗಿ?’

‘ಶಕ್ತಿ ಗುಳಿಗಿ ಅದು. ನಿನಗ ಯಾವ ದೋಷನೂ ಇಲ್ಲ. ಎಂದೂ ಇದ್ದಿಲ್ಲ.’

ಹೊಡೆಯುತ್ತಾನೆ ಅಂದುಕೊಂಡೆ. ಹೊಡೆದಿದ್ದರೆ ಚೆನ್ನಾಗಿತ್ತು. ಅವನು ಕೈ ತೊಳೆದು, ಅಂಗಿ ತೊಟ್ಟು ಹೊರಗೆ ಬಂದ. ‘ನನಗೊಬ್ಬನಿಗೆ ಹೇಳಿ ಹೋದ್ರ ಏನ್ ಬಂತ್ರಿ? ಇಪ್ಪತ್ತೆರಡ ಮನಿ ಅದಾವು. ನಡೀರಿ.’

ಮೊದಲ ಮೂರು ಮನೆಯಲ್ಲಿ ನಾನು ‘ದವಾಖಾನ್ಯಾಗ ಒಂದ ತಪ್ಪಾಗಿತ್ತು’ ಎಂದು ಶುರು ಮಾಡಿದೆ. ಮೂರನೇ ಬಾಗಿಲಿನಲ್ಲಿ ಪರಪ್ಪ ತಡೆದ. ‘ಹಂಗಲ್ರಿ. ಯಾರ ಮಾಡಿದ್ರು ಅದನ್ನ ಹೇಳ್ರಿ.’ ಹಿಂದಿನ ಎರಡು ಮನೆಗೂ ವಾಪಸು ಕರೆದೊಯ್ದು ಮತ್ತೆ ಹೇಳಿಸಿದ. ನಾನು ಮಾಡಿದೆ, ನಾನು ಮುಚ್ಚಿಟ್ಟೆ. ಒಬ್ಬ ನನ್ನ ತಾಯಿಯನ್ನು ಎತ್ತಿ ಬೈದ. ಒಬ್ಬ ಏನೂ ಅನ್ನದೆ ಬಾಗಿಲು ಹಾಕಿಕೊಂಡ. ಬಾಗಿಲ ಮೇಲೆ ಬುದ್ಧನ ಪಟವಿದ್ದ ಒಂದು ಮನೆಯಲ್ಲಿ ನಾನು ಅರ್ಧಕ್ಕೇ ನಿಲ್ಲಿಸಿದೆ, ನೀರು ತಂದುಕೊಟ್ಟು ‘ಪೂರಾ ಹೇಳ್ರಿ’ ಎಂದರು. ಹದಿನಾಲ್ಕನೆಯದೋ ಹದಿನೈದನೆಯದೋ ಮನೆಯ ಮುದುಕಿಗೆ ಕಿವಿ ಸರಿಯಾಗಿ ಕೇಳಿಸುವುದಿಲ್ಲ, ಮೂರು ಸಲ ಕೂಗಿ ಹೇಳಬೇಕಾಯಿತು. ಇಡೀ ಓಣಿ ಹೊರಗೆ ಬಂದು ನಿಂತಿತ್ತು.

‘ಅಂದ್ರ ಕೆಟ್ಟದ್ದು ಆಂವನ ರಗತ ಅಲ್ಲ,’ ಎಂದಳು.

‘ಅಲ್ಲವ್ವ.’

‘ನೀನು.’

‘ಹೌದವ್ವ, ನಾನು.’

ಮುದುಕಿ ತಲೆಯಾಡಿಸಿ ಒಳಗೆ ಹೋದಳು. ಇಷ್ಟು ಜನ ನೋಡುತ್ತಿದ್ದರು, ಆದರೂ ಪರಪ್ಪ ಹೇಳುವ ಮೊದಲೇ ನಾನು ಮುಂದಿನ ಬಾಗಿಲು ಬಡಿದೆ.

ಇಪ್ಪತ್ತೆರಡನೆಯದು ಅವನದೇ ಮನೆ. ‘ಈ ಮನೀ ಹೆಸರೂ ಯಾದಿಯೊಳಗಿತ್ತಲ್ಲ, ಆಕಿಗೂ ಹೇಳ್ರಿ’ ಎಂದು ಬಾಗಿಲ ಪಕ್ಕ ಸರಿದು ನಿಂತ. ಶೆಟ್ಟೆವ್ವನಿಗೆ ಮೊದಲಿನಿಂದ ಹೇಳಿದೆ. ಕೇಳಿ ಅವಳು ಒಳಗೆ ಹೋದಳು. ಕಸಬರಿಗೆ ತರುತ್ತಾಳೆ ಎಂದು ನಿಂತೇ ಇದ್ದೆ, ತರಲಿ ಎಂದು. ಅವಳು ಕೂಸನ್ನು ತಂದು ಗಂಡನ ಎದೆಗೆ ಕೊಟ್ಟಳು.

ನಾಳೆ ಡಾಕ್ಟರಬಾಯಿಯವರಿಗೆ ಹೇಳಬೇಕು, ಆ ಮಾತನ್ನು ಕೋಣೆ ದಾಟಿಸಿ ಬಂದೆ ಎಂದು. ಕೆಲಸ ಉಳಿಯಲಿಕ್ಕಿಲ್ಲ. ಓಣಿಯವರು ಮತ್ತೆ ರಕ್ತ ಕೊಡಲು ಬರುತ್ತಾರೋ ಇಲ್ಲವೋ ಗೊತ್ತಿಲ್ಲ. ಕೇಳುವ ಮುಖ ನನಗಿರಲಿಲ್ಲ.

ಎರಡು ತಿಂಗಳು ಎತ್ತಿಕೊಳ್ಳದ ಅಪ್ಪ. ಕೂಸು ಅವನ ಮುಖವನ್ನೇ ದಿಟ್ಟಿಸಿ ನೋಡಿತು, ಗುರುತು ಹತ್ತಲಿಲ್ಲ, ಚಿಟ್ಟನೆ ಚೀರಿ ತಾಯಿಯ ಕಡೆ ಕೈ ಚಾಚಿತು. ಪರಪ್ಪ ಬಿಡಲಿಲ್ಲ. ‘ನಾನ, ಯವ್ವಾ, ನಾನ’ ಅನ್ನುತ್ತ ಅಂಗಳದಲ್ಲಿ ಅದನ್ನು ಎತ್ತಿಕೊಂಡು ತಿರುಗಾಡಿದ. ನಾನು ಬಸ್ ಸ್ಟ್ಯಾಂಡಿನ ದಾರಿ ಹಿಡಿದು ಓಣಿ ದಾಟುವವರೆಗೂ ಅದು ಅಳುತ್ತಲೇ ಇತ್ತು.